ಮರದ ಹಲಗೆಯ ಮೇಲಿನ ‘ಎಲ್’ ಯಾರು? ಉಪ್ಸಾಲಾದಲ್ಲಿ ಓದಿದವರ ಕಥೆ

ಲಾಲ್‌ಬಾಗ್‌ಗೆ ಹೋದಾಗಲೆಲ್ಲ ಮರಗಳ ಹೆಸರಿನ ಹಲಗೆ ಓದುವ ಚಟ ನನಗೆ. ಕೆಲವು ಹಲಗೆಗಳಲ್ಲಿ ಲ್ಯಾಟಿನ್ ಹೆಸರು ಮುಗಿದ ಮೇಲೆ ಒಂಟಿ ಅಕ್ಷರವೊಂದು ನಿಂತಿರುತ್ತದೆ. ಮಾವಿನ ಮರ ತಗೊಳ್ಳಿ, ‘ಮ್ಯಾಂಜಿಫೆರಾ ಇಂಡಿಕಾ ಎಲ್.’ ಲೈಬ್ರರಿ ಪುಸ್ತಕಕ್ಕೆ ಸೀಲು ಹೊಡೀತಾರಲ್ಲ, ಹಾಗೇ ಇದು ಲಾಲ್‌ಬಾಗ್‌ನ ಎಲ್ ಇರಬೇಕು ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಅಲ್ಲ. ಅದು ಕಾರ್ಲ್ ಲಿನೇಯಸ್ ಅನ್ನುವ ಸ್ವೀಡನ್ನಿನ ಮನುಷ್ಯನ ಸಹಿ. ಈ ಗಿಡಕ್ಕೆ ಈ ಹೆಸರು ಇಟ್ಟವರು ಯಾರು ಅಂತ ಹೇಳುವ ಗುರುತು.

ಇನ್ನೂ ಮಜಾ ಏನಂದ್ರೆ, ಕರ್ನಾಟಕದ ರಾಜ್ಯ ವೃಕ್ಷ ಶ್ರೀಗಂಧ, ರಾಜ್ಯ ಪ್ರಾಣಿ ಆನೆ, ರಾಜ್ಯ ಪಕ್ಷಿ ನೀಲಕಂಠ, ಈ ಮೂರರ ವೈಜ್ಞಾನಿಕ ಹೆಸರಿನ ಮುಂದೆಯೂ ಇವರದೇ ಸಹಿ ಇದೆ. ಮೂರನ್ನೂ ಅವರು ನಮ್ಮ ಕಾಡಿಗೆ ಬಂದು ನೋಡಿದವರಲ್ಲ. ಉಪ್ಸಾಲಾ ಎಂಬ ಚಳಿಯ ಊರಲ್ಲಿ ಕೂತು ಬರೆದದ್ದು.

ಉಪ್ಸಾಲಾ ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್. ಅಲ್ಲಿನ ವಿಶ್ವವಿದ್ಯಾಲಯ 1477ರದ್ದು. ಪೋಪ್ ಅವರಿಂದ ಅಪ್ಪಣೆ ತರಿಸಿಕೊಂಡು ಆರ್ಚ್‌ಬಿಷಪ್ ಯಾಕೋಬ್ ಉಲ್ವ್‌ಸೊನ್ ಶುರು ಮಾಡಿದ್ದು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಇದಕ್ಕಿಂತ ಎರಡು ವರ್ಷ ಚಿಕ್ಕದು. ಹಾಗಾಗಿ ಆ ಕಡೆಯ ದೇಶಗಳಲ್ಲೆಲ್ಲ ಇದೇ ಹಿರಿಯದು.

ಇಲ್ಲಿ ಓದಿದ ಪ್ರಸಿದ್ಧರ ಪಟ್ಟಿ ಮಾಡಲು ಹೋದರೆ ಟೆಲಿಫೋನ್ ಡೈರೆಕ್ಟರಿ ಆಗುತ್ತದೆ. ಅದು ಬೇಡ. ಆ ಪಟ್ಟಿ ನೋಡುವಾಗ ನನಗೆ ಎದ್ದು ಕಂಡದ್ದು ಒಂದೇ ವಿಷಯ. ಈ ಊರಿನವರು ಜಗತ್ತಿಗೆ ಯಂತ್ರಕ್ಕಿಂತ ಜಾಸ್ತಿ ಕೊಟ್ಟದ್ದು ಹೆಸರುಗಳನ್ನು ಮತ್ತು ಅಳತೆಗಳನ್ನು. ಕೇಳಿದರೆ ಗುಮಾಸ್ತರ ಕೆಲಸ ಅನ್ನಿಸುತ್ತೆ ಅಲ್ವಾ? ಅದರಲ್ಲೇನು ದೊಡ್ಡಸ್ತಿಕೆ ಅಂತ ನೋಡೋಣ.

ಮೊದಲು ಹೆಸರಿನ ವಿಷಯ. ಒಂದು ಹಳ್ಳಿಯಲ್ಲಿ ಮೂವರು ಮಂಜಣ್ಣ ಇದ್ದಾರೆ ಅಂದುಕೊಳ್ಳಿ. ‘ಕೆರೆ ಹಿಂದಿನ ಮಂಜಣ್ಣ’ ಅಂತೀರಿ. ಕೆರೆ ಹಿಂದೆ ಇನ್ನೊಬ್ಬ ಮಂಜಣ್ಣ ಮನೆ ಕಟ್ಟಿದರೆ ‘ಕೆರೆ ಹಿಂದಿನ, ಬೈಕ್ ಇರುವ ಮಂಜಣ್ಣ’ ಆಗುತ್ತದೆ. ಅವನೂ ಬೈಕ್ ತಗೊಂಡರೆ ಮುಗೀತು, ಹೆಸರು ಇನ್ನೂ ಉದ್ದ. 1700ರ ಆಸುಪಾಸಿನಲ್ಲಿ ಗಿಡಗಳ ಪಾಡು ಹೀಗೇ ಇತ್ತು. ಗಿಡದ ವರ್ಣನೆಯೇ ಅದರ ಹೆಸರು. ಟೊಮೆಟೊ ಅನ್ನಬೇಕಾದರೆ ‘ಸೊಲಾನಮ್ ಕೌಲೆ ಇನೆರ್ಮಿ ಹೆರ್ಬೇಸಿಯೊ ಫೋಲಿಇಸ್ ಪಿನ್ನಾಟಿಸ್ ಇನ್ಸಿಸಿಸ್’ ಅನ್ನಬೇಕಿತ್ತು. ಮುಳ್ಳಿಲ್ಲದ ಮೆತ್ತನೆ ಕಾಂಡದ, ಸೀಳಿದ ಎಲೆಯ ಬದನೆ ಬಳಗದ ಗಿಡ ಅಂತ ಅರ್ಥ. ಹೊಸ ಗಿಡ ಸಿಕ್ಕಿದಾಗಲೆಲ್ಲ ಹಳೆಯ ಹೆಸರನ್ನೂ ಉದ್ದ ಮಾಡಬೇಕು. ಒಂದೊಂದು ದೇಶದ ಪಂಡಿತರು ಒಂದೊಂದು ಥರ ಉದ್ದ ಮಾಡುತ್ತಿದ್ದರು.

ಲಿನೇಯಸ್ ಮಾಡಿದ್ದು ಇಷ್ಟೇ. ವರ್ಣನೆ ಬೇರೆ, ಹೆಸರು ಬೇರೆ ಅಂದರು. ವರ್ಣನೆ ಎಷ್ಟು ಉದ್ದ ಬೇಕಾದರೂ ಇರಲಿ, ಕರೆಯೋಕೆ ಎರಡೇ ಪದ ಸಾಕು. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಟೊಮೆಟೊ ‘ಸೊಲಾನಮ್ ಲೈಕೊಪರ್ಸಿಕಮ್’ ಆಯಿತು. ಗಿಡಗಳಿಗೆ ಈ ಪದ್ಧತಿಯನ್ನು 1753ರಲ್ಲೂ ಪ್ರಾಣಿಗಳಿಗೆ 1758ರಲ್ಲೂ ಪೂರ್ತಿಯಾಗಿ ಜಾರಿ ಮಾಡಿದರು. ಇವತ್ತಿಗೂ ಹೆಸರುಗಳ ಲೆಕ್ಕ ಆ ಎರಡು ವರ್ಷಗಳಿಂದಲೇ ಶುರು.

ಹಲಗೆ ಓದುವವರಿಗೆ ಒಂದು ಉಪಯೋಗದ ಮಾತು. ಸಹಿ ಕೆಲವೊಮ್ಮೆ ಆವರಣದೊಳಗೆ ಇರುತ್ತದೆ. ಹಾಗಿದ್ದರೆ ಎರಡನೇ ಪದ ಇವರದ್ದು, ಆದರೆ ಕುಲವನ್ನು ಆಮೇಲೆ ಯಾರೋ ಬದಲಾಯಿಸಿದ್ದಾರೆ ಎಂದರ್ಥ. ನಮ್ಮ ನೀಲಕಂಠದ ಕಥೆ ಇದೇ. ಲಿನೇಯಸ್ ಅದನ್ನು ಕಾಗೆಗಳ ಕುಲಕ್ಕೆ ಸೇರಿಸಿ ‘ಕಾರ್ವಸ್ ಬೆಂಗಾಲೆನ್ಸಿಸ್’ ಅಂತ ಬರೆದಿದ್ದರು. ರೆಕ್ಕೆ ಬಿಚ್ಚಿದರೆ ನೀಲಿ ಮಿಂಚು ಹೊಡೆಯುವ ಹಕ್ಕಿ ಕಾಗೆಯಂತೆ! ಮುಂದಿನವರು ಅದನ್ನು ಕೊರೇಸಿಯಸ್ ಕುಲಕ್ಕೆ ಸಾಗಿಸಿದರು.

ಆನೆಯ ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಒಂದು ಪ್ರಭೇದಕ್ಕೆ ಹೆಸರಿಟ್ಟಾಗ ‘ಈ ಹೆಸರು ಅಂದರೆ ಇಗೋ ಇದು’ ಅಂತ ತೋರಿಸಲು ಒಂದು ಮಾದರಿ ಬೇಕು. ಏಷ್ಯಾದ ಆನೆಗೆ ಲಿನೇಯಸ್ ನೆಚ್ಚಿಕೊಂಡದ್ದರಲ್ಲಿ ಮುಖ್ಯವಾದದ್ದು ಗಾಜಿನ ಜಾಡಿಯಲ್ಲಿ ಇಟ್ಟಿದ್ದ ಒಂದು ಆನೆ ಭ್ರೂಣ. ಅದು ಈಗಲೂ ಸ್ಟಾಕ್‌ಹೋಮ್‌ನಲ್ಲಿದೆ. 2013ರಲ್ಲಿ ಅದರ ಪ್ರೋಟೀನು, ಡಿಎನ್‌ಎ ಪರೀಕ್ಷೆ ಮಾಡಿದರೆ ಅದು ಆಫ್ರಿಕದ ಆನೆ! ಈಗೇನು ಮಾಡೋದು? ಲಿನೇಯಸ್ ತಮ್ಮ ಬರಹದಲ್ಲಿ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಜಾನ್ ರೇ ಅವರನ್ನೂ ಉಲ್ಲೇಖಿಸಿದ್ದರು. ರೇ 1664ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಒಂದು ಆನೆಯ ಅಸ್ಥಿಪಂಜರ ನೋಡಿದ್ದರು. ಅದು ಸಿಲೋನಿನಿಂದ ಯುರೋಪಿಗೆ ಹೋಗಿ ಊರೂರು ಸುತ್ತಿ 1655ರಲ್ಲಿ ಸತ್ತ ಹ್ಯಾನ್ಸ್‌ಕೆನ್ ಎಂಬ ಹೆಣ್ಣಾನೆಯದ್ದು. ಎಲುಬುಗಳು ಅಲ್ಲೇ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದವು. ಈಗ ನಾಗರಹೊಳೆಯ ಆನೆಗೂ ದುಬಾರೆಯ ಆನೆಗೂ ‘ಎಲಿಫಸ್ ಮ್ಯಾಕ್ಸಿಮಸ್’ ಅನ್ನುವ ಹೆಸರು ನಿಂತಿರುವುದು ಆ ಬಡಪಾಯಿಯ ಎಲುಬುಗಳ ಮೇಲೆ.

ಇಷ್ಟೆಲ್ಲ ಹೆಸರಿಟ್ಟ ಲಿನೇಯಸ್ ಸ್ವೀಡನ್ ಬಿಟ್ಟು ಹೋದದ್ದು ಕಡಿಮೆ. ಪಾದ್ರಿಯ ಮಗ, 1728ರಲ್ಲಿ ಕೈಯಲ್ಲಿ ಕಾಸಿಲ್ಲದೆ ಉಪ್ಸಾಲಾಕ್ಕೆ ಬಂದವರು. ಅಲ್ಲಿನ ಸಸ್ಯೋದ್ಯಾನದಲ್ಲಿ ಗಿಡ ನೋಡುತ್ತಿದ್ದಾಗ ಪ್ರೊಫೆಸರ್ ಓಲೋಫ್ ಸೆಲ್ಸಿಯಸ್ ಕಣ್ಣಿಗೆ ಬಿದ್ದರು. ಅವರು ಮನೆಯಲ್ಲಿ ಜಾಗ ಕೊಟ್ಟರು. (ಹೌದು, ಥರ್ಮಾಮೀಟರಿನ ಸೆಲ್ಸಿಯಸ್ ಇವರ ತಮ್ಮನ ಅಥವಾ ಅಣ್ಣನ ಮಗ, ಒಟ್ಟಿನಲ್ಲಿ ಅದೇ ಮನೆತನ.) ಡಾಕ್ಟರ್ ಪದವಿಯನ್ನು ಮಾತ್ರ ಉಪ್ಸಾಲಾದಿಂದ ಪಡೆಯಲಿಲ್ಲ. 1735ರಲ್ಲಿ ಹಾಲೆಂಡಿನ ಹಾರ್ಡರ್‌ವೈಕ್ ಎಂಬಲ್ಲಿಗೆ ಹೋಗಿ ಕೆಲವೇ ದಿನಗಳಲ್ಲಿ ತಂದರು. ಆಗ ಸ್ವೀಡನ್ನಿನ ವೈದ್ಯರು ಹಾಗೆ ಮಾಡುತ್ತಿದ್ದರು.

ತಾವು ಹೋಗದಿದ್ದರೇನು, ಶಿಷ್ಯರನ್ನು ಕಳಿಸಿದರು. ಯೋಹಾನ್ ಕೋನಿಗ್ ಎಂಬ ಶಿಷ್ಯ ಡೇನರ ಕೈಯಲ್ಲಿದ್ದ ತಮಿಳುನಾಡಿನ ತರಂಗಂಬಾಡಿಗೆ ಬಂದು ಅಲ್ಲಿಂದ ಗಿಡಗಳನ್ನು ಕಳಿಸುತ್ತಿದ್ದ. ನಾವು ದಿನಾ ಒಗ್ಗರಣೆಗೆ ಹಾಕುವ ಕರಿಬೇವಿನ ಹೆಸರು ‘ಮುರ‍್ರಾಯಾ ಕೋನಿಗಿ’. ಎರಡನೇ ಪದ ಈ ಕೋನಿಗ್. ಮೊದಲನೆಯ ಪದದ ಮುರ್ರೆ ಕೂಡ ಲಿನೇಯಸ್ ಶಿಷ್ಯನೇ. ಈಗೀಗ ಸಸ್ಯಶಾಸ್ತ್ರಜ್ಞರು ಇದನ್ನು ಲಿನೇಯಸ್ ಮೊದಲು ಇಟ್ಟಿದ್ದ ‘ಬರ್ಗೆರಾ’ ಕುಲಕ್ಕೇ ವಾಪಸ್ ಕಳಿಸಿದ್ದಾರೆ. ಕೋನಿಗ್ ಮಾತ್ರ ಅಲ್ಲೇ ಇದ್ದಾನೆ. ತಾಂಬೂಲದ ತಟ್ಟೆಯಲ್ಲಿ ವ್ಯವಹಾರ ಉಲ್ಟಾ. ಅಡಿಕೆಯ ‘ಅರೆಕಾ’ ಮತ್ತು ವೀಳ್ಯದೆಲೆಯ ‘ಬೆಟ್ಲೆ’ ಎರಡೂ ನಮ್ಮ ಪಶ್ಚಿಮ ಕರಾವಳಿಯ ಮಾತಿನಿಂದ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಲ್ಯಾಟಿನ್ ವೇಷ ಹಾಕಿಕೊಂಡ ಪದಗಳು. ಮಲಯಾಳದ ಅಡಯ್ಕ, ನಮ್ಮ ಅಡಕೆ.

ಇನ್ನು ಅಳತೆ.

ಆಂಡರ್ಸ್ ಸೆಲ್ಸಿಯಸ್ ಹುಟ್ಟಿದ್ದೂ ಓದಿದ್ದೂ ಉಪ್ಸಾಲಾದಲ್ಲೇ, 1701ರಲ್ಲಿ ಹುಟ್ಟಿದವರು. ವೃತ್ತಿಯಿಂದ ಖಗೋಳದ ಪ್ರೊಫೆಸರ್. ಭೂಮಿ ಧ್ರುವಗಳ ಹತ್ತಿರ ಚಪ್ಪಟೆಯೋ ಅಲ್ಲವೋ ಎಂದು ಅಳೆಯಲು 1736ರಲ್ಲಿ ಫ್ರೆಂಚರ ಜೊತೆ ಲ್ಯಾಪ್‌ಲ್ಯಾಂಡಿಗೆ ಹೋಗಿ ಬಂದರು. ಚಪ್ಪಟೆ ಅಂತಲೇ ತೀರ್ಮಾನವಾಯಿತು. ಆದರೆ ಜನ ನೆನಪಿಟ್ಟುಕೊಂಡದ್ದು ಅವರ ಥರ್ಮಾಮೀಟರನ್ನು.

ಥರ್ಮಾಮೀಟರ್ ಆಗಲೇ ಇತ್ತು. ಹತ್ತಾರು ಥರ ಇತ್ತು, ಅದೇ ಕಷ್ಟ. ಒಬ್ಬರ 40 ಇನ್ನೊಬ್ಬರ 40 ಅಲ್ಲ. ಅಳತೆಗೋಲು ಮಾಡಲು ಎರಡು ಕಡೆ ಗೂಟ ಹೊಡೆಯಬೇಕು, ಆ ಗೂಟ ಎಲ್ಲ ಊರಲ್ಲೂ ಒಂದೇ ಜಾಗದಲ್ಲಿ ನಿಲ್ಲಬೇಕು. ನೀರು ಹೆಪ್ಪುಗಟ್ಟುವ ಬಿಂದು ಹಾಗೆ ನಿಲ್ಲುತ್ತದೆಯೇ? ಸೆಲ್ಸಿಯಸ್ ಚಳಿಗಾಲ ಪೂರ್ತಿ ಮತ್ತೆ ಮತ್ತೆ ಕರಗುವ ಹಿಮದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಹೊರಗೂ ಇಟ್ಟರು, ಕೋಣೆಯೊಳಗೆ ಬೆಂಕಿಯ ಹತ್ತಿರವೂ ಇಟ್ಟರು. ಪಾದರಸ ಅದೇ ಗೆರೆಗೆ ಬಂದು ನಿಂತಿತು. ಕುದಿಯುವ ಬಿಂದು ಮಾತ್ರ ಗಾಳಿಯ ಒತ್ತಡದ ಜೊತೆ ಜರುಗುತ್ತದೆ ಅಂತಲೂ ಕಂಡುಕೊಂಡರು. ಆದ್ದರಿಂದ ಇಂಥದ್ದೇ ಒತ್ತಡದಲ್ಲಿ ಕುದಿಯುವ ಬಿಂದು ಎಂದು ಗೊತ್ತುಮಾಡಬೇಕು ಅಂದರು. ಇದು ನಮಗೆ ಅಡುಗೆಮನೆಯಲ್ಲೇ ಗೊತ್ತಾಗುವ ಸಂಗತಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೇ. ಮಂಗಳೂರಲ್ಲಿ 100.

1742ರಲ್ಲಿ ಸೆಲ್ಸಿಯಸ್ ಇದನ್ನೆಲ್ಲ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಗೆ ಬರೆದರು. ಅದರಲ್ಲಿ ಒಂದು ವಿಚಿತ್ರ. ಅವರ ಅಳತೆಯಲ್ಲಿ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100! ತಲೆಕೆಳಗು. ಆಗ ಬಳಕೆಯಲ್ಲಿದ್ದ ಡೆಲಿಲ್ ಎಂಬ ಫ್ರೆಂಚ್ ಖಗೋಳಜ್ಞರ ಅಳತೆಯೂ ಹೀಗೇ ಇತ್ತು, ಹಾಗಾಗಿ ಅವರಿಗೆ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಅದೇ ಉಳಿದಿದ್ದರೆ ರಾಯಚೂರಿನ ಬೇಸಿಗೆಯ 42 ಡಿಗ್ರಿ 58 ಆಗುತ್ತಿತ್ತು. ಜ್ವರ ಏರಿದಷ್ಟೂ ಅಂಕಿ ಇಳಿಯುತ್ತಿತ್ತು. ಅಂದಹಾಗೆ ನಾವು ಬಿಸಿಲನ್ನು ಸೆಲ್ಸಿಯಸ್‌ನಲ್ಲೂ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲೂ ಹೇಳುವ ಜನ, ಇದನ್ನೂ ಹೇಗೋ ನಿಭಾಯಿಸುತ್ತಿದ್ದೆವು ಬಿಡಿ.

1744ರಲ್ಲಿ ಸೆಲ್ಸಿಯಸ್ ಕ್ಷಯದಿಂದ ತೀರಿಕೊಂಡರು, ವಯಸ್ಸು 42. ಅಳತೆಯನ್ನು ತಿರುಗಿಸಿ ನೆಟ್ಟಗೆ ಮಾಡಿದ್ದು ಯಾರು ಅನ್ನೋದರ ಬಗ್ಗೆ ಜಗಳ ಇದೆ. ಲಿನೇಯಸ್ ಅನ್ನುವವರಿದ್ದಾರೆ, ಉಪಕರಣ ಮಾಡುತ್ತಿದ್ದ ಡೇನಿಯಲ್ ಏಕ್‌ಸ್ಟ್ರೋಮ್ ಅನ್ನುವವರಿದ್ದಾರೆ, ಸೆಲ್ಸಿಯಸ್ ನಂತರ ಬಂದ ಸ್ಟ್ರೋಮರ್ ಅನ್ನುವವರೂ ಇದ್ದಾರೆ. ಸೆಲ್ಸಿಯಸ್ ಹೆಸರು ಅಧಿಕೃತವಾಗಿ ಈ ಡಿಗ್ರಿಗೆ ಅಂಟಿಕೊಂಡದ್ದು ಬಹಳ ತಡವಾಗಿ, 1948ರಲ್ಲಿ. ಅದಕ್ಕೆ ಮುಂಚೆ ಅದು ಸೆಂಟಿಗ್ರೇಡ್. ನಮ್ಮ ಹಿರಿಯರು ಈಗಲೂ ಹಾಗೇ ಅನ್ನುತ್ತಾರೆ.

ಶಾಲೆಯಲ್ಲಿ ರಸಾಯನಶಾಸ್ತ್ರದ ಪಾಠದಲ್ಲಿ ಕಬ್ಬಿಣಕ್ಕೆ ಎಫ್‌ಇ, ಚಿನ್ನಕ್ಕೆ ಎಯು ಅಂತ ಬಾಯಿಪಾಠ ಮಾಡಿ ಬೈದುಕೊಂಡಿದ್ದೀರಾ? ಬೈಗುಳದ ವಿಳಾಸ ಯೋನ್ಸ್ ಯಾಕೋಬ್ ಬರ್ಜೀಲಿಯಸ್, ಉಪ್ಸಾಲಾದಲ್ಲಿ 1802ರಲ್ಲಿ ವೈದ್ಯಕೀಯ ಮುಗಿಸಿದವರು. ಅವರಿಗೆ ಮುಂಚೆ ಧಾತುಗಳಿಗೆ ವೃತ್ತ, ಚುಕ್ಕಿ, ಗೆರೆಗಳ ಚಿತ್ರ ಬರೆಯುತ್ತಿದ್ದರು. ಅಚ್ಚುಮನೆಯವರ ಕಷ್ಟ ಯೋಚಿಸಿ. ಬರ್ಜೀಲಿಯಸ್ 1813ರ ಸುಮಾರಿಗೆ ಲ್ಯಾಟಿನ್ ಹೆಸರಿನ ಒಂದೋ ಎರಡೋ ಅಕ್ಷರ ತಗೊಂಡು, ಪಕ್ಕದಲ್ಲಿ ಎಷ್ಟು ಪರಮಾಣು ಅಂತ ಅಂಕಿ ಹಾಕಿದರು. ನೀರು ಎಚ್‌ಟುಓ ಆಯಿತು. ಇದು ಬರೀ ಶಾರ್ಟ್‌ಹ್ಯಾಂಡ್ ಅಲ್ಲ. ಆ ಗುರುತಿನಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎರಡೂ ಬಂತು. ಹೆಸರೂ ಅಳತೆಯೂ ಒಟ್ಟಿಗೆ! ಪ್ರೋಟೀನ್ ಅನ್ನುವ ಪದ ಸೂಚಿಸಿದವರೂ ಇವರೇ, 1838ರಲ್ಲಿ.

ಆಂಗ್‌ಸ್ಟ್ರಾಮ್ ಬಗ್ಗೆ ಚಿಕ್ಕದಾಗಿ. ಉಪ್ಸಾಲಾದ ಆಂಡರ್ಸ್ ಆಂಗ್‌ಸ್ಟ್ರಾಮ್ ಸೂರ್ಯನ ಬೆಳಕನ್ನು ಬಿಡಿಸಿ, ಅದರಲ್ಲಿನ ಸುಮಾರು ಸಾವಿರ ಕಪ್ಪು ಗೆರೆಗಳ ನಕ್ಷೆಯನ್ನು 1868ರಲ್ಲಿ ಕೊಟ್ಟರು. ಅಷ್ಟು ಸಣ್ಣ ಅಲೆಗಳನ್ನು ಬರೆಯಲು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗವನ್ನು ಅಳತೆ ಮಾಡಿಕೊಂಡರು. ಅದೇ ಆಂಗ್‌ಸ್ಟ್ರಾಮ್. ಒಂದು ಪರಮಾಣುವಿನ ಗಾತ್ರ ಹೆಚ್ಚೂಕಡಿಮೆ ಅಷ್ಟೇ ಇರುವುದರಿಂದ ಅಳತೆ ಉಳಿದುಕೊಂಡಿತು.

ಸ್ವಾಂಟೆ ಅರ್ಹೀನಿಯಸ್ ಕಥೆ ಕಡಿಮೆ ಮಾರ್ಕ್ಸ್ ತಗೊಂಡ ಎಲ್ಲರೂ ಓದಬೇಕಾದದ್ದು. ಒಣ ಉಪ್ಪಿನಲ್ಲಿ ಕರೆಂಟ್ ಹರಿಯಲ್ಲ. ಶುದ್ಧ ನೀರಲ್ಲೂ ಹರಿಯಲ್ಲ ಅಂತಲೇ ಹೇಳಬಹುದು. ಆದರೆ ಉಪ್ಪುನೀರಿನಲ್ಲಿ ಸಲೀಸಾಗಿ ಹರಿಯುತ್ತದೆ. ಯಾಕೆ? ಕರೆಂಟೇ ಉಪ್ಪನ್ನು ಒಡೆಯುತ್ತದೆ ಅಂತ ಆಗಿನ ನಂಬಿಕೆ. ಅರ್ಹೀನಿಯಸ್ ಯೋಚನೆ ಬೇರೆ ದಾರಿ ಹಿಡಿಯಿತು. ನೀರಿಗೆ ಬಿದ್ದ ಕೂಡಲೇ ಉಪ್ಪು ವಿದ್ಯುತ್ ಆವೇಶ ಇರುವ ಚೂರುಗಳಾಗಿ, ಅಂದರೆ ಅಯಾನುಗಳಾಗಿ, ಒಡೆದಿರುತ್ತದೆ, ಕರೆಂಟ್ ಆಮೇಲೆ ಅವನ್ನು ಎಳೆಯುತ್ತದೆ ಅಷ್ಟೆ. ಇದರ ಬೀಜ 1884ರಲ್ಲಿ ಉಪ್ಸಾಲಾಕ್ಕೆ ಕೊಟ್ಟ ಡಾಕ್ಟರೇಟ್ ಪ್ರಬಂಧದಲ್ಲಿತ್ತು, ಪೂರ್ತಿ ಸಿದ್ಧಾಂತ 1887ರಲ್ಲಿ ಬಂತು.

ಇದನ್ನು ಒಪ್ಪದವರು ಮೂರ್ಖರೇನಲ್ಲ. ಅಡುಗೆ ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರಿನ್ ಸೇರಿದ್ದು. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ವಿಷದ ಗಾಳಿ, ಇವೆರಡೂ ಸಾರಿನ ಪಾತ್ರೆಯಲ್ಲಿ ಸುಮ್ನೆ ಕೂತಿರುತ್ತವೆ ಅಂದರೆ ಯಾರು ನಂಬಬೇಕು? ಆವೇಶ ಹೊತ್ತ ಅಯಾನಿನ ಗುಣವೇ ಬೇರೆ, ಪರಮಾಣುವಿನ ಗುಣವೇ ಬೇರೆ ಅನ್ನುವುದು ಉತ್ತರ. ಆದರೆ ಆ ಆವೇಶದ ಗುಟ್ಟು ಬಿಡಿಸುವ ಎಲೆಕ್ಟ್ರಾನ್ ಪತ್ತೆಯಾಗಲು ಆಗಿನ್ನೂ 13 ವರ್ಷ ಇತ್ತು. ಪ್ರಬಂಧಕ್ಕೆ ನಾಲ್ಕನೇ ದರ್ಜೆ ಕೊಟ್ಟರು, ಸಮರ್ಥಿಸಿ ಮಾತಾಡಿದ್ದಕ್ಕೆ ಮೂರನೇ ದರ್ಜೆ. ಪಾಠ ಹೇಳುವ ಕೆಲಸಕ್ಕೂ ಆಗದ ದರ್ಜೆ ಅದು. ಅರ್ಹೀನಿಯಸ್ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ರೀಗಾದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಓದಿ, ಈ ಹುಡುಗನನ್ನು ತಮ್ಮಲ್ಲಿಗೆ ಕರೆಯಲು ಉಪ್ಸಾಲಾಕ್ಕೇ ಬಂದುಬಿಟ್ಟರು. ಆ ವರ್ಷ ಮುಗಿಯುವುದರೊಳಗೆ ಉಪ್ಸಾಲಾವೇ ಅವರಿಗೆ ಉಪನ್ಯಾಸಕರ ಕೆಲಸ ಕೊಟ್ಟಿತು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಸ್ವೀಡನ್ನಿಗೆ ಅದೇ ಮೊದಲ ನೊಬೆಲ್.

ಈ ಮನುಷ್ಯನೇ 1896ರಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದ್ದು. 5ರಿಂದ 6 ಡಿಗ್ರಿ ಅಂತ ಬಂತು. ಈಗಿನ ಅಂದಾಜು 3ರ ಆಸುಪಾಸು. ಕಂಪ್ಯೂಟರ್ ಬಿಡಿ, ಕ್ಯಾಲ್ಕ್ಯುಲೇಟರೂ ಇಲ್ಲದ ಕಾಲಕ್ಕೆ ಇದು ಪರವಾಗಿಲ್ಲ. ಬಿಸಿಯಾದರೆ ಒಳ್ಳೇದೇ ಅಂತಲೂ ಅವರಿಗೆ ಅನ್ನಿಸಿತ್ತು. ಚಳಿದೇಶದವರ ಕಷ್ಟ ಅವರಿಗೇ ಗೊತ್ತು.

ಬಗ್ಗಡದ ನೀರನ್ನು ಕೊಡದಲ್ಲಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ದಪ್ಪ ಮರಳು ಬೇಗ, ನಯವಾದ ಮಣ್ಣು ತಡ. ಪ್ರೋಟೀನಿನಂಥ ಅತಿ ಸಣ್ಣ ಕಣ ಹೀಗೆ ತಾನಾಗಿ ಇಳಿಯುವುದೇ ಇಲ್ಲ. ಉಪ್ಸಾಲಾದ ಥೆ ಸ್ವೆಡ್‌ಬೆರಿ 1920ರ ದಶಕದಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರ ಮಾಡಿ ಬಲವಂತವಾಗಿ ಇಳಿಸಿದರು. 1926ರಲ್ಲಿ ನೊಬೆಲ್ ಬಂತು. ಇಳಿಯುವ ಚುರುಕಿಗೆ ಅವರ ಹೆಸರಿನ ಅಳತೆ ಬಂತು, ಚುಟುಕಾಗಿ ‘ಎಸ್’. ಪಿಯುಸಿ ಜೀವಶಾಸ್ತ್ರದಲ್ಲಿ ಬ್ಯಾಕ್ಟೀರಿಯಾದ ರೈಬೋಸೋಮ್ (ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಕಣ) 70ಎಸ್, ಅದರ ಎರಡು ಭಾಗ 50ಎಸ್ ಮತ್ತು 30ಎಸ್ ಅಂತ ಓದಿ, ಲೆಕ್ಕ ತಪ್ಪಲ್ವಾ ಅಂತ ಅನ್ನಿಸಿದ್ದರೆ ನಿಮ್ಮ ಅನುಮಾನ ಸರಿಯೇ. ಆದರೆ ಎಸ್ ತೂಕ ಅಲ್ಲ, ಇಳಿಯುವ ವೇಗ. ಅದರಲ್ಲಿ ಆಕಾರದ ಪಾತ್ರವೂ ಇದೆ. 30 ಕಿಲೋಮೀಟರ್ ವೇಗದವನೂ 50 ಕಿಲೋಮೀಟರ್ ವೇಗದವನೂ ಒಂದೇ ಸ್ಕೂಟರ್ ಹತ್ತಿದರೆ 80ರಲ್ಲಿ ಓಡಲ್ಲ. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರಿಗೆ 2009ರಲ್ಲಿ ನೊಬೆಲ್ ತಂದುಕೊಟ್ಟದ್ದು ಆ 30ಎಸ್ ತುಂಡಿನ ರಚನೆ ಬಿಡಿಸಿದ ಕೆಲಸ.

ಸ್ವೆಡ್‌ಬೆರಿಯ ಶಿಷ್ಯ ಆರ್ನೆ ಟಿಸೇಲಿಯಸ್ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರೆ ಬೇರೆ ಮಾಡಿದರು. ಲ್ಯಾಬ್ ರಿಪೋರ್ಟಿನ ಆಲ್ಫಾ, ಬೀಟಾ, ಗಾಮಾ ಗ್ಲಾಬ್ಯುಲಿನ್ ಅಲ್ಲಿಂದ ಬಂದದ್ದು. ಅವರಿಗೂ ನೊಬೆಲ್, 1948ರಲ್ಲಿ. ಉಪ್ಸಾಲಾದ ಕೋಟೆಯಲ್ಲೇ ಬೆಳೆದು, ಅಲ್ಲೇ ಓದಿ, ವಿಶ್ವಸಂಸ್ಥೆಯ ಮುಖ್ಯಸ್ಥರಾಗಿ 1961ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಡಾಗ್ ಹ್ಯಾಮರ್‌ಶೋಲ್ಡ್ ಈ ಅಳತೆಯ ಸಾಲಿಗೆ ಬರುವವರಲ್ಲ, ಆದರೆ ಅವರನ್ನು ಹೆಸರಿಸದೆ ಮುಂದೆ ಹೋದರೆ ತಪ್ಪಾಗುತ್ತದೆ.

ಅಳೆಯುವ ಈ ಹುಚ್ಚಿಗೆ ಕೆಟ್ಟ ಮುಖವೂ ಇದೆ. ಗಿಡಕ್ಕೆ ಹೆಸರಿಟ್ಟ ಹಾಗೇ ಲಿನೇಯಸ್ ಮನುಷ್ಯರನ್ನೂ 1758ರಲ್ಲಿ ಖಂಡಕ್ಕೊಂದರಂತೆ ನಾಲ್ಕು ಬಗೆ ಮಾಡಿದರು. ಚರ್ಮದ ಬಣ್ಣದ ಜೊತೆಗೆ ಸ್ವಭಾವವನ್ನೂ ಬರೆದರು. ಯುರೋಪಿನವರು ಕಾಯಿದೆಯಂತೆ ನಡೆಯುವವರಂತೆ, ಆಫ್ರಿಕದವರು ಮನಸ್ಸು ಬಂದಂತೆ ನಡೆಯುವವರಂತೆ. ಆಫ್ರಿಕಕ್ಕಾಗಲಿ ಏಷ್ಯಾಕ್ಕಾಗಲಿ ಕಾಲಿಡದೆ ಬರೆದ ಮಾತು! ನೀಲಕಂಠವನ್ನು ಕಾಗೆ ಅಂದದ್ದಕ್ಕೆ ನಗಬಹುದು, ಇದಕ್ಕೆ ನಗು ಬರಲ್ಲ. 1922ರಲ್ಲಿ ಸ್ವೀಡನ್ ಸರ್ಕಾರ ‘ಜನಾಂಗ ಜೀವಶಾಸ್ತ್ರ’ದ ಸಂಸ್ಥೆಯನ್ನು ಇದೇ ಉಪ್ಸಾಲಾದಲ್ಲಿ ತೆರೆಯಿತು. ಉತ್ತರದ ಸಾಮಿ ಜನರ ತಲೆ ಅಳೆದರು, ಫೋಟೋ ಹಿಡಿದರು. ಸಂತಾನಹರಣ ಚಿಕಿತ್ಸೆಯ ಕಾನೂನಿಗೆ ದಾರಿ ಮಾಡಿದ ಯೋಚನೆಗಳಿಗೆ ಅಲ್ಲಿ ಗೊಬ್ಬರ ಸಿಕ್ಕಿತು. 1935ರಿಂದ 1975ರವರೆಗೆ ಆ ಕಾನೂನುಗಳಡಿ 60 ಸಾವಿರಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆ ಆಯಿತು, ಬಹುಪಾಲು ಹೆಂಗಸರಿಗೆ.

ಹೆಂಗಸರ ಮಾತು ಬಂತು. ಇಲ್ಲಿಯವರೆಗೆ ಹೇಳಿದ ಹೆಸರುಗಳಲ್ಲಿ ಒಬ್ಬ ಹೆಂಗಸೂ ಇಲ್ಲ, ಹ್ಯಾನ್ಸ್‌ಕೆನ್ ಆನೆ ಬಿಟ್ಟರೆ. ಮೊದಲ 395 ವರ್ಷ ಒಳಗೆ ಬಿಟ್ಟಿದ್ದರೆ ತಾನೇ? 1872ರಲ್ಲಿ ಬೆಟ್ಟಿ ಪೆಟರ್ಸನ್ ರಾಜನಿಂದ ವಿಶೇಷ ಅನುಮತಿ ಪಡೆದು ಸೇರಿದರು. 1883ರಲ್ಲಿ ಎಲೆನ್ ಫ್ರೀಸ್ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. 1897ರಲ್ಲಿ ಎಲ್ಸಾ ಎಶೆಲ್ಸನ್ ಕಾನೂನಿನಲ್ಲಿ ಡಾಕ್ಟರೇಟ್ ಪಡೆದ ದೇಶದ ಮೊದಲ ಹೆಂಗಸಾದರು, ಅಲ್ಲೇ ಪಾಠ ಹೇಳಲು ಶುರು ಮಾಡಿದರು. ಪ್ರೊಫೆಸರ್ ಜಾಗ ಖಾಲಿ ಇದ್ದಾಗ ತಾತ್ಕಾಲಿಕವಾಗಿ ಆ ಕೆಲಸವನ್ನೂ ಮಾಡಿದರು. ಕಾಯಂ ಮಾತ್ರ ಆಗಲಿಲ್ಲ. ಇಂಥ ಹುದ್ದೆಗಳಿಗೆ ‘ಸ್ವೀಡನ್ನಿನ ಗಂಡಸರನ್ನು’ ನೇಮಿಸಬೇಕು ಅಂತ ದೇಶದ ಸಂವಿಧಾನದಲ್ಲಿ ಬರೆದಿತ್ತು. ಆ ಎರಡು ಪದಗಳಿಗೆ ಏನು ಅರ್ಥ ಅಂತ ಕಾನೂನಿನ ಡಾಕ್ಟರಿಗೇ ಇನ್ನೊಬ್ಬರು ವಿವರಿಸಬೇಕಾಗಿ ಬಂತು. 1911ರಲ್ಲಿ ಎಶೆಲ್ಸನ್ ತೀರಿಕೊಂಡಾಗ ವಯಸ್ಸು 49.

ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ಪ್ರೊಫೆಸರ್ ಬಂದದ್ದು 1949ರಲ್ಲಿ, ಭೂಗೋಳ ವಿಭಾಗಕ್ಕೆ. ಹೆಸರು ಗೆರ್ಡ್ ಎನೆಕ್ವಿಸ್ಟ್.